ಸಿಗ್ನಲ್‌ನಲ್ಲಿ ನಿಂತರೆ ಕಾರಿನ ಎಸಿ ಬಿಸಿಗಾಳಿ ಬಿಡುತ್ತಿದೆ, ಬೇಸಿಗೆಗೆ ಏನು ಮಾಡಬೇಕು?

ಕೆಂಗೇರಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೈಸೂರು ರಸ್ತೆಯಲ್ಲಿ ಗಾಡಿ ಓಡುತ್ತಿರುವಾಗ ಎಸಿ ಚೆನ್ನಾಗಿಯೇ ತಂಪು ಕೊಡುತ್ತದೆ. ನಾಯಂಡಹಳ್ಳಿಯಲ್ಲಿ ಟ್ರಾಫಿಕ್ ನಿಂತಿತು ಅಂದರೆ ಸ್ವಲ್ಪ ಹೊತ್ತಿಗೇ ಗಾಳಿ ಬೆಚ್ಚಗಾಗುತ್ತದೆ. ಗಾಡಿ ಮತ್ತೆ ಓಡಿದರೆ ತಂಪು ವಾಪಸ್.

ಅಪ್ಪನಿಗೆ ವಯಸ್ಸಾಗಿದೆ. ಡಯಾಲಿಸಿಸ್‌ಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಮಧ್ಯಾಹ್ನದ ಬಿಸಿಲಲ್ಲಿ ಟ್ರಾಫಿಕ್ ಮಧ್ಯೆ ಅವರು ಬೆವರಿ ಸುಸ್ತಾಗುವುದನ್ನು ನೋಡಲು ಆಗುವುದಿಲ್ಲ.

ಮನೆ ಹತ್ತಿರದ ಗ್ಯಾರೇಜಿನಲ್ಲಿ ಹೋದ ಬೇಸಿಗೆಯಲ್ಲಿ ಗ್ಯಾಸ್ ತುಂಬಿಸಿದರು. ಈ ಮಾರ್ಚ್‌ನಲ್ಲಿ ಮತ್ತೆ ತುಂಬಿಸಿದರು. ಈಗಲೂ ಅದೇ ಕಥೆ. ಕೇಳಿದರೆ "ಇನ್ನೂ ಸ್ವಲ್ಪ ಗ್ಯಾಸ್ ಹಾಕೋಣ ಮೇಡಂ" ಅನ್ನುತ್ತಾರೆ. ಇದು ನಿಜವಾಗಿಯೂ ಗ್ಯಾಸಿನ ತೊಂದರೆಯೇ? ಇನ್ನೊಂದು ವಿಷಯ. ಆಫೀಸಿನಲ್ಲಿ ಕಾರು ಇಡೀ ದಿನ ಬಯಲಲ್ಲೇ ನಿಲ್ಲುತ್ತದೆ. ಸಂಜೆ ಬಾಗಿಲು ತೆಗೆದರೆ ಸ್ಟಿಯರಿಂಗ್ ಮುಟ್ಟಲು ಆಗುವುದಿಲ್ಲ. ಅದಕ್ಕೂ ಏನಾದರೂ ದಾರಿ ಹೇಳಿ.

ಜೆ.ಸಿ. ರಸ್ತೆ ಮೆಕ್ಯಾನಿಕ್

ಮೇಡಂ, ಸದ್ಯಕ್ಕೆ ಗ್ಯಾಸ್ ಹಾಕಿಸಬೇಡಿ. ನೀವು ಹೇಳಿದ ಲಕ್ಷಣದಲ್ಲೇ ಅರ್ಧ ಉತ್ತರ ಇದೆ.

ಎಸಿ ತಂಪನ್ನು ಹುಟ್ಟಿಸುವುದಿಲ್ಲ. ಕಾರಿನ ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗಿ ಹೊರಗೆ ಬಿಡುತ್ತದೆ, ಅಷ್ಟೇ. ಡ್ಯಾಶ್‌ಬೋರ್ಡ್ ಹಿಂದೆ ಇರುವ ಕೂಲಿಂಗ್ ಕಾಯಿಲ್‌ನಲ್ಲಿ ಹರಿಯುವ ಗ್ಯಾಸ್ ಕಾರಿನ ಒಳಗಿನ ಬಿಸಿಯನ್ನು ಹೀರುತ್ತದೆ. ಕಂಪ್ರೆಸರ್ ಆ ಗ್ಯಾಸನ್ನು ಒತ್ತಿ ಮುಂದಕ್ಕೆ ತಳ್ಳುತ್ತದೆ. ಬಂಪರ್ ಹಿಂದೆ, ರೇಡಿಯೇಟರ್‌ಗೂ ಮುಂದೆ, ಕಂಡೆನ್ಸರ್ ಅಂತ ಜಾಲರಿಯಂಥ ಭಾಗ ಇದೆ. ಬಿಸಿ ಹೊರಗೆ ಹೋಗುವುದು ಅಲ್ಲಿಂದ. ಮನೆ ಫ್ರಿಜ್ ಹಿಂಭಾಗ ಬೆಚ್ಚಗಿರುತ್ತದಲ್ಲ, ಅದೇ ಕೆಲಸ ಇದು.

ಗಾಡಿ ಓಡುವಾಗ ಕಂಡೆನ್ಸರ್‌ಗೆ ಎದುರುಗಾಳಿ ತಾನಾಗಿಯೇ ಬೀಳುತ್ತದೆ. ನಿಂತಾಗ ಫ್ಯಾನ್ ಒಂದೇ ಆಸರೆ. ಫ್ಯಾನ್ ತಿರುಗದಿದ್ದರೆ, ಅಥವಾ ನಿಧಾನವಾಗಿ ತಿರುಗಿದರೆ, ಬಿಸಿ ಹೊರಗೆ ಹೋಗುವುದಿಲ್ಲ. ಪೈಪಿನಲ್ಲಿ ಒತ್ತಡ ಏರುತ್ತದೆ. ಒತ್ತಡ ಮಿತಿ ಮೀರಿದರೆ ಪ್ರೆಶರ್ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸಿಬಿಡುತ್ತದೆ. ಆಗ ಬರುವುದು ಬರೀ ಬ್ಲೋವರ್ ಗಾಳಿ.

ಮನೆಯಲ್ಲೇ ನೋಡಿಕೊಳ್ಳಿ. ಗಾಡಿ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆನ್, ಎಸಿ ಫುಲ್. ಬಾನೆಟ್ ಎತ್ತಿ ನೋಡಿ. ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ಕೆಲವು ಕಾರಲ್ಲಿ ಎರಡು ಫ್ಯಾನ್ ಇರುತ್ತವೆ, ಒಂದು ರೇಡಿಯೇಟರ್‌ಗೆ, ಇನ್ನೊಂದು ಕಂಡೆನ್ಸರ್‌ಗೆ. ಕೈ, ದುಪಟ್ಟಾ, ಸರ ಯಾವುದೂ ಹತ್ತಿರ ಬೇಡ. ಫ್ಯಾನ್ ಯಾವಾಗ ಬೇಕಾದರೂ ತಾನಾಗಿ ಶುರುವಾಗುತ್ತದೆ.

ಇನ್ನೊಂದು ಪರೀಕ್ಷೆ. ನಿಂತಲ್ಲೇ ಗಾಳಿ ಬೆಚ್ಚಗಾದಾಗ ಮುಂದಿನ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಒಂದು ಚೊಂಬು ನೀರನ್ನು ನಿಧಾನವಾಗಿ ಚಿಮುಕಿಸಿ. ಒಳಗೆ ತಂಪು ವಾಪಸ್ ಬಂದರೆ ಕಂಡೆನ್ಸರ್ ಬಿಸಿ ಬಿಡುತ್ತಿಲ್ಲ ಅಂತ ಅರ್ಥ. ಫ್ಯಾನ್ ನೋಡಬೇಕು, ಇಲ್ಲ ಕಂಡೆನ್ಸರ್ ತೊಳೆಯಬೇಕು.

ಯಲಹಂಕ ನಿವಾಸಿ

ಆನ್‌ಲೈನ್‌ನಲ್ಲಿ ಗ್ಯಾಸ್ ಕ್ಯಾನ್ ಸಿಗುತ್ತದೆ, ಪೈಪ್ ಸಮೇತ. ಮನೆಯಲ್ಲೇ ತುಂಬಿಸಿಕೊಂಡರೆ ದುಡ್ಡು ಉಳಿಯುತ್ತದೆ ಅಲ್ವಾ?

ಜೆ.ಸಿ. ರಸ್ತೆ ಮೆಕ್ಯಾನಿಕ್

ದಯವಿಟ್ಟು ಬೇಡ ಸರ್. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ವರ್ಷಗಟ್ಟಲೆ ಓಡಿದ ಮೇಲೆ ಹೋಸ್, ಸೀಲ್ ಮೂಲಕ ಸ್ವಲ್ಪ ಕಡಿಮೆಯಾಗಬಹುದು. ಆದರೆ ವರ್ಷಕ್ಕೊಮ್ಮೆ ತುಂಬಿಸಬೇಕಾಗಿ ಬಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ಗ್ಯಾಸ್ ಹಾಕುವವರಿಗೆ ದುಡ್ಡು ಕೊಡಬೇಡಿ.

ಲೀಕ್ ಹುಡುಕಲು ದಾರಿಗಳಿವೆ. ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಅಂತ ನೋಡುವುದು, ಜಾಯಿಂಟುಗಳಿಗೆ ಸೋಪು ನೀರು ಹಚ್ಚುವುದು, ಹೊಳೆಯುವ ಡೈ ಬಿಟ್ಟು ಯುವಿ ಲೈಟ್ ಹಾಕುವುದು. ಎಷ್ಟೋ ಸಲ ಜಾಯಿಂಟಿನ ಒಂದು ಓ-ರಿಂಗ್ (ರಬ್ಬರ್ ಬಳೆ) ಹೋಗಿರುತ್ತದೆ, ಅಷ್ಟೇ. ಕೂಲಿಂಗ್ ಕಾಯಿಲ್ ಲೀಕ್ ಆದರೆ ಮಾತ್ರ ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಅದು ದೊಡ್ಡ ಕೆಲಸ.

ಎಷ್ಟು ಗ್ರಾಂ ಗ್ಯಾಸ್ ಬೇಕು ಅಂತ ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಬರೆದಿರುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು. ಮೊದಲು ವ್ಯಾಕ್ಯೂಮ್ ಹೊಡೆದು ಗಾಳಿ, ತೇವ ತೆಗೆಯಬೇಕು. ಆಮೇಲೆ ತೂಕ ಮಾಡಿ ತುಂಬಬೇಕು. ಜಾಸ್ತಿ ತುಂಬಿದರೂ ಕೂಲಿಂಗ್ ಕಡಿಮೆಯಾಗುತ್ತದೆ, ಕಂಪ್ರೆಸರ್‌ಗೂ ಪೆಟ್ಟು. ಕ್ಯಾನ್ ಹಿಡಿದುಕೊಂಡು ಅಂದಾಜಿನಲ್ಲಿ ಹಾಕುವುದಕ್ಕೆ ಇದೇ ಕಾರಣಕ್ಕೆ ಬೇಡ ಅನ್ನುತ್ತೇನೆ.

ಹಾಗೆಯೇ ಹಳೇ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡುವ ಗ್ಯಾರೇಜ್‌ಗೆ ಹೋಗಬೇಡಿ. ನಮ್ಮ ಬಹುತೇಕ ಕಾರುಗಳಲ್ಲಿ ಇರುವುದು ಆರ್-134ಎ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಒಂದು ಕಿಲೋ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಗ್ಯಾಸನ್ನು ಮೆಷಿನ್‌ಗೆ ಎಳೆದುಕೊಂಡು, ಶುದ್ಧ ಮಾಡಿ, ತೂಕ ನೋಡಿ ವಾಪಸ್ ತುಂಬುವ ಕಡೆ ಹೋಗಿ.

ಸಾರಥಿ

ನಾನು ಕ್ಯಾಬ್ ಓಡಿಸುತ್ತೇನೆ. ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿ ಬಿಸಿಲಿಗೆ ನಿಂತು ನಿಂತು ಅಭ್ಯಾಸ ಆಗಿದೆ. ಅಕ್ಕ ಕೇಳಿದ ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ.

ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿದ ತಕ್ಷಣ ಗಾಜು ಮುಚ್ಚಿ ಎಸಿ ಹಾಕುವವರೇ ಜಾಸ್ತಿ. ಆಗ ಒಳಗಿನ ಗಾಳಿ ಹೊರಗಿನದಕ್ಕಿಂತ ಎಷ್ಟೋ ಬಿಸಿ. ಆ ಗಾಳಿಯನ್ನೇ ತಂಪು ಮಾಡಲು ಎಸಿ ಯಾಕೆ ಒದ್ದಾಡಬೇಕು? ಮೊದಲು ಅದನ್ನು ಆಚೆ ಕಳಿಸಿ. ಒಂದು ಕಡೆಯ ಗಾಜು ಪೂರ್ತಿ ಇಳಿಸಿ, ಎದುರು ಕಡೆಯ ಬಾಗಿಲನ್ನು ನಾಲ್ಕೈದು ಸಲ ತೆಗೆದು ಹಾಕಿ. ಬಿಸಿಗಾಳಿ ತಳ್ಳಿಕೊಂಡು ಹೋಗುವುದು ಮುಖಕ್ಕೇ ಗೊತ್ತಾಗುತ್ತದೆ.

ಆಮೇಲೆ ಗಾಜು ಇಳಿಸಿಕೊಂಡೇ ಹೊರಡಿ. ಎಸಿ ಆನ್, ಬ್ಲೋವರ್ ಜೋರು, ಹೊರಗಿನ ಗಾಳಿ ಮೋಡ್. ಸ್ವಲ್ಪ ದೂರ ಹೋದ ಮೇಲೆ ಗಾಜು ಮುಚ್ಚಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಅಲ್ಲಿಂದ ಬೇಗ ತಂಪಾಗುತ್ತದೆ. ತಣ್ಣನೆ ಗಾಳಿ ಭಾರ, ಕೆಳಗೆ ಇಳಿಯುತ್ತದೆ. ಹಾಗಾಗಿ ಎಸಿ ಬಾಯಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ. ಹಿಂದೆ ಕೂತವರಿಗೂ ತಲುಪುತ್ತದೆ. ಅಪ್ಪ ಹಿಂದೆ ಕೂರುತ್ತಾರೆ ಅಂದರೆ ಇದು ಮುಖ್ಯ.

ಆದರೆ ಆ ಬಟನ್ ಗಂಟೆಗಟ್ಟಲೆ ಹಾಗೇ ಇರಬಾರದು. ನಾಲ್ಕು ಜನ ಉಸಿರಾಡಿದ ಗಾಳಿಯೇ ಸುತ್ತುತ್ತಾ ಇದ್ದರೆ ತಲೆ ಭಾರವಾಗಿ ನಿದ್ದೆ ಬರುತ್ತದೆ. ಓಡಿಸುವವನಿಗೆ ಅದು ಅಪಾಯ. ನಡುನಡುವೆ ಹೊರಗಿನ ಗಾಳಿ ಬಿಡಿ. ಮುಂದೆ ಹೊಗೆ ಕಾರುವ ಲಾರಿ ಇದ್ದಾಗ ಮಾತ್ರ ಮುಚ್ಚಿಕೊಳ್ಳಿ.

ಹೆಬ್ಬಾಳದವನು

ಹೊಸ ಕಾರುಗಳಲ್ಲಿ ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗುವ ಸೌಲಭ್ಯ ಇರುತ್ತದೆ. ಬೆಲ್ಟಿನಿಂದ ಓಡುವ ಕಂಪ್ರೆಸರ್ ಆದರೆ ಎಂಜಿನ್ ಜೊತೆಗೆ ಅದೂ ನಿಲ್ಲುತ್ತದೆ. ನನ್ನ ಕಾರಿನಲ್ಲಿ ನಿಂತಾಗ ಬೆಚ್ಚಗಾಗುತ್ತಿದ್ದದ್ದು ಅದಕ್ಕೇ. ಬೇಸಿಗೆಯಲ್ಲಿ ಹತ್ತಿದ ಕೂಡಲೇ ಆ ಬಟನ್ ಆಫ್ ಮಾಡುತ್ತೇನೆ. ಹಳೇ ಕಾರಿಗೆ ಈ ವಿಷಯ ಬರುವುದಿಲ್ಲ, ಆದರೂ ಓದುವ ಬೇರೆಯವರಿಗೆ ಉಪಯೋಗ ಆಗಬಹುದು.

ನೆರಳು ಹುಡುಕುವವಳು

ನಿಲ್ಲಿಸುವ ಜಾಗದ ಬಗ್ಗೆ ನನಗೆ ಬಹಳ ಆಸಕ್ತಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಮೆರಿಕದ ಅರಿಜೋನ ಸ್ಟೇಟ್ ಯೂನಿವರ್ಸಿಟಿಯವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಿರುಬಿಸಿಲಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಮುಟ್ಟಿತ್ತು. ಡ್ಯಾಶ್‌ಬೋರ್ಡ್ 69 ಡಿಗ್ರಿ, ಸ್ಟಿಯರಿಂಗ್ 53 ಡಿಗ್ರಿ. ಅದೇ ನೆರಳಲ್ಲಿ ನಿಂತ ಕಾರುಗಳ ಒಳಗಿನ ಗಾಳಿ 38ರ ಹತ್ತಿರ, ಡ್ಯಾಶ್‌ಬೋರ್ಡ್ 48. ಅಲ್ಲಿಯ ಬಿಸಿಲು ನಮ್ಮದಕ್ಕಿಂತ ಜೋರು, ನಿಜ. ಆದರೆ ನೆರಳಿಗೂ ಬಿಸಿಲಿಗೂ ಇರುವ ಅಂತರ ನೋಡಿ. ಎಸಿ ಎಷ್ಟೇ ಚೆನ್ನಾಗಿರಲಿ, 69 ಡಿಗ್ರಿ ಕಾದ ಪ್ಲಾಸ್ಟಿಕ್ ಬಿಸಿ ಬಿಡುತ್ತಾ ಇದ್ದರೆ ತುಂಬ ಹೊತ್ತು ಹೋರಾಡಬೇಕು.

ನಮ್ಮ ಊರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿದೆ, ತಂಪು ಅಂತ ಮೈಮರೆಯುವ ಹಾಗಿಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿದೆ. 2024ರ ಏಪ್ರಿಲ್‌ನಲ್ಲಿ 38.5. ಅದು ನೆರಳಿನಲ್ಲಿಟ್ಟ ಥರ್ಮಾಮೀಟರ್ ಲೆಕ್ಕ. ಟಾರು ರಸ್ತೆಯ ಮೇಲೆ, ಬಂಪರ್ ಎತ್ತರದಲ್ಲಿ, ಅದಕ್ಕಿಂತ ಜಾಸ್ತಿ.

ಎಷ್ಟೋ ಜನ "ಕಾರಿನ ಮುಖ ಈ ಕಡೆ ಮಾಡಿ, ಆ ಕಡೆ ಮಾಡಿ" ಅನ್ನುತ್ತಾರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನೆರಳಿಲ್ಲದ ದಿನ ಬರುತ್ತದೆ. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆ ಹೊತ್ತಿಗೆ ಕಾರು ಯಾವ ದಿಕ್ಕಿಗೆ ನಿಂತರೂ ವ್ಯತ್ಯಾಸ ಕಡಿಮೆ, ಬಿಸಿಲು ಚಾವಣಿಗೂ ಓರೆಯಾದ ಮುಂದಿನ ಗಾಜಿಗೂ ಬೀಳುತ್ತದೆ. ಬೆಳಿಗ್ಗೆ, ಸಂಜೆ ಬಿಸಿಲಿಗೆ ಮಾತ್ರ ದಿಕ್ಕು ಲೆಕ್ಕಕ್ಕೆ ಬರುತ್ತದೆ. ಇಡೀ ದಿನ ನಿಲ್ಲಿಸುವುದಾದರೆ ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಆಗ ಪೂರ್ವ, ಪಶ್ಚಿಮದ ಬಿಸಿಲು ದೊಡ್ಡ ಗಾಜಿಗೆ ನೇರವಾಗಿ ಹೊಡೆಯುವುದಿಲ್ಲ.

ದಿಕ್ಕಿಗಿಂತ ದೊಡ್ಡ ಉಪಕಾರ ಮಾಡುವುದು ಮುಂದಿನ ಗಾಜಿಗೆ ಒಳಗಡೆಯಿಂದ ಒರಗಿಸುವ ಬೆಳ್ಳಿ ಬಣ್ಣದ ಮಡಚುವ ಶೇಡ್. ಹೊಳೆಯುವ ಮುಖ ಹೊರಗಡೆಗೆ. ಬಿಸಿಲು ಡ್ಯಾಶ್‌ಬೋರ್ಡ್ ಮುಟ್ಟುವ ಮೊದಲೇ ವಾಪಸ್ ಹೋಗುತ್ತದೆ. ಸ್ಟಿಯರಿಂಗ್ ಮೇಲೆ ಒಂದು ಬಿಳಿ ಟವಲ್ ಹಾಕಿ. ಸನ್‌ರೂಫ್ ಇದ್ದರೆ ಅದರ ಪರದೆ ಎಳೆದುಬಿಡಿ.

ಗಾಜನ್ನು ಒಂದು ಬೆರಳಷ್ಟು ಇಳಿಸಿ ಇಡುವುದರಿಂದ ಬಹಳ ಪ್ರಯೋಜನ ಇಲ್ಲ. 2005ರಲ್ಲೇ ಒಂದು ಅಧ್ಯಯನ ಇದನ್ನು ತೋರಿಸಿದೆ. ಬಿಸಿಯ ಏರಿಕೆಯಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗಿತ್ತು.

ಬಸವನಗುಡಿ ಹಿರಿಯ

ನಾನು ಪದ್ಮಿನಿ ಕಾರು ಓಡಿಸಿದವನು. ಮುಂದಿನ ಬಾಗಿಲಲ್ಲಿ ತ್ರಿಕೋನದ ಸಣ್ಣ ಗಾಜು ಇರುತ್ತಿತ್ತು. ಅದನ್ನು ತಿರುಗಿಸಿದರೆ ಗಾಳಿ ನೇರ ಎದೆಗೆ ಬಡಿಯುತ್ತಿತ್ತು. ನಮಗೆ ಅಷ್ಟು ಸಾಕಾಗುತ್ತಿತ್ತು. ಹಾಗಂತ ಆಗ ಬಿಸಿಲೇ ಇರಲಿಲ್ಲ ಅನ್ನುವುದು ಸರಿಯಲ್ಲ. 1931ರ ಮೇ ತಿಂಗಳಲ್ಲೇ ಇಲ್ಲಿ 38.9 ಡಿಗ್ರಿ ದಾಖಲಾಗಿದೆ. ಆಗ ರಸ್ತೆ ತುಂಬ ಮರ ಇತ್ತು, ಮನೆ ಮುಂದೆ ನೆರಳಿತ್ತು.

ಈಗಲೂ ನಮ್ಮ ರಸ್ತೆಯಲ್ಲಿ ಹೊಂಗೆ, ಮಳೆಮರಗಳಿವೆ. ಅದರ ಕೆಳಗೆ ನಿಲ್ಲಿಸಿದರೆ ಕಾರು ತಂಪಾಗಿರುತ್ತದೆ. ಮಕ್ಕಳೇ, ಮರದ ಕೆಳಗೆ ಜಾಗ ಸಿಕ್ಕರೆ ಬಿಡಬೇಡಿ. ಇರುವ ಮರವನ್ನು ಕಡಿಯಲು ಬಂದರೆ ಕೇಳುವವರಾಗಿ.

ರಾಜಾಜಿನಗರ ರಾಘು

ಸರ್ ಹೇಳಿದ್ದು ನೂರಕ್ಕೆ ನೂರು. ಎರಡು ಎಚ್ಚರಿಕೆ ಸೇರಿಸುತ್ತೇನೆ. ಮರದಿಂದ ಬೀಳುವ ಅಂಟು, ಹಕ್ಕಿ ಹಿಕ್ಕೆ ಬಿಸಿಲಿಗೆ ಒಣಗಿದರೆ ಪೇಂಟ್ ಕೆಡುತ್ತದೆ. ಅದೇ ದಿನ ಒದ್ದೆ ಬಟ್ಟೆಯಲ್ಲಿ ನೆನೆಸಿ ತೆಗೆಯಿರಿ, ಉಜ್ಜಬೇಡಿ. ಏಪ್ರಿಲ್, ಮೇನಲ್ಲಿ ಸಂಜೆ ಗಾಳಿ ಮಳೆ ಶುರುವಾಯಿತು ಅಂದರೆ ಕೊಂಬೆ ಬೀಳುತ್ತದೆ. ಒಣಗಿದ, ಟೊಳ್ಳಾದ ಮರದ ಕೆಳಗೆ ನಿಲ್ಲಿಸಬೇಡಿ. ವಿಮೆ ಥರ್ಡ್ ಪಾರ್ಟಿ ಮಾತ್ರ ಇದ್ದರೆ ಕೊಂಬೆ ಬಿದ್ದ ನಷ್ಟ ಸಿಗುವುದಿಲ್ಲ. ಕಾಂಪ್ರಹೆನ್ಸಿವ್ ಇದೆಯೇ ನೋಡಿಕೊಳ್ಳಿ.

ಜೆ.ಪಿ. ನಗರ

ಗಾಜಿಗೆ ಕೂಲಿಂಗ್ ಫಿಲ್ಮ್ ಹಾಕಿಸಿದರೆ ಇಷ್ಟೆಲ್ಲ ತಲೆಬಿಸಿ ಇರುವುದಿಲ್ಲ ಅಲ್ವಾ? ಕಪ್ಪಗಿಲ್ಲದ, ಪಾರದರ್ಶಕ ಫಿಲ್ಮ್ ಬಂದಿದೆ ಅಂತ ಅಂಗಡಿಯವರು ಹೇಳುತ್ತಾರೆ.

ಕೋರ್ಟು ಕಚೇರಿ

ಇದರಲ್ಲಿ ಹುಷಾರಾಗಿರಿ. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜಿನಲ್ಲಿ ಕನಿಷ್ಠ ಶೇ. 50 ಬೆಳಕು ಹಾಯಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಗಾಜಿನ ಮೇಲೆ ಕಪ್ಪು ಫಿಲ್ಮ್ ಆಗಲಿ ಬೇರೆ ಯಾವುದೇ ವಸ್ತುವಾಗಲಿ ಅಂಟಿಸಬಾರದು ಅಂತ ತೀರ್ಪು ಕೊಟ್ಟಿತು. ಬೆಳಕು ಎಷ್ಟು ಹಾಯುತ್ತದೆ ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ. ಕಾರ್ಖಾನೆಯಲ್ಲೇ ಆ ಮಿತಿಯೊಳಗೆ ತಯಾರಾದ ಬಣ್ಣದ ಗಾಜಿಗೆ ಮಾತ್ರ ಅಡ್ಡಿ ಇಲ್ಲ.

ಆಮೇಲೆ ನಿಯಮ ತಿದ್ದುಪಡಿ ಆಯಿತು. ಅದನ್ನು ನೋಡಿ ಕೇರಳ ಹೈಕೋರ್ಟ್ 2024ರಲ್ಲಿ, ಮಿತಿಯೊಳಗಿನ ಫಿಲ್ಮ್ ಹಾಕಿದವರಿಗೆ ದಂಡ ಹಾಕುವಂತಿಲ್ಲ ಅಂದಿತು. ಅಂಗಡಿಯವರು ತೋರಿಸುವುದು ಇದನ್ನೇ. ಆದರೆ ಒಂದು ರಾಜ್ಯದ ಹೈಕೋರ್ಟಿನ ತೀರ್ಪು ಇನ್ನೊಂದು ರಾಜ್ಯದ ಪೊಲೀಸರನ್ನು ಕಟ್ಟಿಹಾಕುವುದಿಲ್ಲ. ರಸ್ತೆಯಲ್ಲಿ ನಿಲ್ಲಿಸಿ ಕಿತ್ತುಹಾಕಿಸಿದರೆ ಹೋಗುವುದು ನಿಮ್ಮ ದುಡ್ಡು. ನನ್ನ ಅಭಿಪ್ರಾಯ ಕೇಳಿದರೆ, ನಿಲ್ಲಿಸಿದಾಗ ಶೇಡ್ ಹಾಕಿ, ಓಡಿಸುವಾಗ ತೆಗೆಯಿರಿ. ಜಗಳವೇ ಇಲ್ಲ.

ಜೆ.ಪಿ. ನಗರ

ಆದರೆ ಶೇಡ್ ಓಡುವಾಗ ಕೆಲಸಕ್ಕೆ ಬರುವುದಿಲ್ಲ ಅಲ್ವಾ? ಬಿಸಿಲು ಪಕ್ಕದಿಂದ ಹೊಡೆಯುವಾಗ ಮಗು ಅಳುತ್ತದೆ.

ಮಲ್ಲೇಶ್ವರದ ಅಮ್ಮ

ಮಗುವಿನ ಸೀಟನ್ನು ಬಿಸಿಲು ಬೀಳದ ಪಕ್ಕಕ್ಕೆ ಹಾಕಿ. ಸಂಜೆ ಹೊತ್ತು ಉತ್ತರದ ಕಡೆಗೆ ಹೋಗುವಾಗ ಬಿಸಿಲು ಎಡಗಡೆ, ಹಾಗಾದರೆ ಬಲಗಡೆ ಕೂರಿಸಿ. ಹೊರಡುವ ಮೊದಲು ಸೀಟಿನ ಬಕಲ್ ಮುಟ್ಟಿ ನೋಡಿ. ಲೋಹದ ಭಾಗ ಚರ್ಮ ಸುಡುತ್ತದೆ.

ಮಕ್ಕಳ ಮಾತು ಬಂತಲ್ಲ, ಒಂದು ವಿಷಯ ಕೈಮುಗಿದು ಕೇಳುತ್ತೇನೆ. "ಐದು ನಿಮಿಷ, ಹಾಲು ತಗೊಂಡು ಬರುತ್ತೇನೆ" ಅಂತ ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ. ಗಾಜು ಸ್ವಲ್ಪ ತೆಗೆದಿದ್ದರೂ ಬೇಡ, ನೆರಳಲ್ಲಿದ್ದರೂ ಬೇಡ. ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತದೆ. ಆಟ ಆಡುತ್ತಾ ನಿಂತ ಕಾರಿಗೆ ಹತ್ತಿಕೊಂಡು ಒಳಗೇ ಸಿಕ್ಕಿಹಾಕಿಕೊಳ್ಳುವ ಮಕ್ಕಳೂ ಇದ್ದಾರೆ. ಅಪಾರ್ಟ್‌ಮೆಂಟಿನಲ್ಲಿ ನಿಂತ ಕಾರೂ ಲಾಕ್ ಆಗಿರಬೇಕು. ನಾಯಿ, ವಯಸ್ಸಾದವರು, ಯಾರನ್ನೂ ಬಿಡಬೇಡಿ.

ಲೈಟರ್, ಸೆಂಟ್ ಬಾಟಲಿ, ಪವರ್ ಬ್ಯಾಂಕ್ ಕೂಡ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬಾರದು. ಮಾತ್ರೆ, ಇನ್ಸುಲಿನ್ ಇದ್ದರೆ ಜೊತೆಗೇ ತೆಗೆದುಕೊಂಡು ಹೋಗಿ.

ಕೆಂಗೇರಿ ಕಡೆಯವಳು

ಎಷ್ಟು ಜನ ಎಷ್ಟು ಚೆನ್ನಾಗಿ ಹೇಳುತ್ತಿದ್ದೀರಿ, ತುಂಬ ಥ್ಯಾಂಕ್ಸ್. ಮೆಕ್ಯಾನಿಕ್ ಅಣ್ಣ ಹೇಳಿದ ಹಾಗೆ ಬಾನೆಟ್ ಎತ್ತಿ ನೋಡಿದೆ. ನಮ್ಮದರಲ್ಲಿ ಎರಡು ಫ್ಯಾನ್ ಇವೆ. ಎಸಿ ಹಾಕಿದಾಗ ಎರಡೂ ತಿರುಗಲಿಲ್ಲ. ತುಂಬ ಹೊತ್ತಾದ ಮೇಲೆ ಒಂದು ತಿರುಗಿತು, ಇನ್ನೊಂದು ಅಲುಗಾಡಲೇ ಇಲ್ಲ. ನೀರಿನ ಪರೀಕ್ಷೆಯೂ ಮಾಡಿದೆ. ಚಿಮುಕಿಸಿದ ಸ್ವಲ್ಪ ಹೊತ್ತಿಗೆ ಒಳಗೆ ತಂಪು ಬಂತು! ಹಾಗಾದರೆ ಕಂಡೆನ್ಸರ್ ಫ್ಯಾನೇ ಹೋಗಿದೆ ಅಲ್ವಾ?

ಜೆ.ಸಿ. ರಸ್ತೆ ಮೆಕ್ಯಾನಿಕ್

ಹೌದು ಮೇಡಂ, ಬಹುತೇಕ ಅದೇ. ಹೊಸ ಫ್ಯಾನ್ ತೆಗೆದುಕೊಳ್ಳುವ ಮೊದಲು ಫ್ಯೂಸ್, ರಿಲೇ ನೋಡಲು ಹೇಳಿ. ಅವು ಸರಿ ಇದ್ದರೆ ಮೋಟರ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡುತ್ತಾರೆ. ಆಗಲೂ ತಿರುಗದಿದ್ದರೆ ಮೋಟರ್ ಹೋಗಿದೆ. ಫ್ಯಾನ್ ಬಿಚ್ಚಿದಾಗಲೇ ಕಂಡೆನ್ಸರ್ ತೊಳೆಸಿಬಿಡಿ. ಮೆಟ್ರೋ ಕೆಲಸದ ರಸ್ತೆಯಲ್ಲಿ ಓಡುವ ಗಾಡಿಗಳ ಕಂಡೆನ್ಸರ್ ತೆಗೆದರೆ ಮಣ್ಣು ಗಟ್ಟಿ ಕೂತಿರುತ್ತದೆ.

ತೊಳೆಯುವಾಗ ಪ್ರೆಶರ್ ವಾಷರ್ ಹತ್ತಿರ ಹಿಡಿಯಬಾರದು. ಅದರ ಫಿನ್‌ಗಳು ತೆಳ್ಳಗಿನ ಅಲ್ಯುಮಿನಿಯಂ ತಗಡು. ಬಾಗಿ ಮುಚ್ಚಿಕೊಂಡರೆ ಗಾಳಿ ಹೋಗುವ ದಾರಿಯೇ ಹೋಯಿತು. ಸಣ್ಣ ಧಾರೆಯಲ್ಲಿ, ಎಂಜಿನ್ ತಣ್ಣಗಿರುವಾಗ ತೊಳೆಯಬೇಕು.

ವಿಜಯನಗರ

ನೀರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆಯುವುದನ್ನು ನಿಷೇಧಿಸಿತ್ತು. 5,000 ರೂಪಾಯಿ ದಂಡ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಸ್ಕರಿಸಿದ ನೀರಿನ ನಲ್ಲಿ ಬೇರೆ ಇದೆ, ಗಾಡಿಗೆ ಅದನ್ನೇ ಬಳಸುತ್ತೇವೆ. ಒಂದು ಬಕೆಟ್, ಒಂದು ಬಟ್ಟೆ ಸಾಕು.

ಜಾಲಹಳ್ಳಿ ಕ್ರಾಸ್

ನನ್ನ ಕಾರಿನ ತೊಂದರೆ ಉಲ್ಟಾ. ಹೊರಟಾಗ ಒಳ್ಳೆ ತಂಪು. ಮುಕ್ಕಾಲು ಗಂಟೆ ಆದ ಮೇಲೆ ಗಾಳಿಯೇ ಬರುವುದಿಲ್ಲ. ಬ್ಲೋವರ್ ಶಬ್ದ ಮಾತ್ರ. ಜೊತೆಗೆ ಒದ್ದೆ ಬಟ್ಟೆ ವಾಸನೆ.

ಜೆ.ಸಿ. ರಸ್ತೆ ಮೆಕ್ಯಾನಿಕ್

ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ ಅನ್ನಿಸುತ್ತದೆ. ಹಾಗಾದಾಗ ಎಸಿ ಬಟನ್ ಆಫ್ ಮಾಡಿ, ಬ್ಲೋವರ್ ಮಾತ್ರ ಓಡಿಸಿ. ಹತ್ತು ನಿಮಿಷದಲ್ಲಿ ಗಾಳಿ ವಾಪಸ್ ಬಂದರೆ ಅದೇ ಖಚಿತ. ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಬಹಳ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಸ್ಕ್ರೂಡ್ರೈವರ್ ಕೂಡ ಬೇಕಾಗುವುದಿಲ್ಲ. ಧೂಳು ತುಂಬಿ ಗಾಳಿ ಕಡಿಮೆಯಾದರೆ ಕಾಯಿಲ್ ಅತಿಯಾಗಿ ತಣ್ಣಗಾಗುತ್ತದೆ. 10,000 ಕಿಲೋಮೀಟರ್‌ಗೊಮ್ಮೆ ಬದಲಿಸಿ, ನಮ್ಮ ಧೂಳಿಗೆ ಅದಕ್ಕಿಂತ ಮುಂಚೆಯೂ ಬೇಕಾಗಬಹುದು. ಬೇಸ್‌ಮೆಂಟಿನಲ್ಲಿ ನಿಲ್ಲಿಸುವ ಕಾರಾದರೆ ಇಲಿ ಗೂಡು ಸಿಕ್ಕರೂ ಆಶ್ಚರ್ಯ ಬೇಡ. ಫಿಲ್ಟರ್ ಚೆನ್ನಾಗಿದ್ದರೆ ಕಾಯಿಲ್ ಪಕ್ಕದ ಸೆನ್ಸರ್ ನೋಡಬೇಕು. ಗ್ಯಾಸ್ ಕಡಿಮೆ ಇದ್ದರೂ ಕೆಲವೊಮ್ಮೆ ಹೀಗಾಗುತ್ತದೆ.

ವಾಸನೆ ಬರುವುದು ಒದ್ದೆ ಕಾಯಿಲ್ ಮೇಲೆ ಬೂಷ್ಟು ಬೆಳೆದು. ಮನೆ ತಲುಪುವ ಎರಡು ಮೂರು ನಿಮಿಷ ಮೊದಲು ಎಸಿ ಆಫ್ ಮಾಡಿ, ಬ್ಲೋವರ್ ಓಡಿಸುತ್ತಾ ಬನ್ನಿ. ಕಾಯಿಲ್ ಒಣಗುತ್ತದೆ. ಸೆಂಟ್ ಹೊಡೆದು ಮುಚ್ಚಬೇಡಿ.

ಕಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಹೆದರಬೇಡಿ, ಅದು ಗಾಳಿಯ ತೇವ. ಆದರೆ ಒಳಗೆ, ಕಾಲಿನ ಹತ್ತಿರ ಕಾರ್ಪೆಟ್ ಒದ್ದೆಯಾದರೆ ಡ್ರೇನ್ ಪೈಪ್ ಕಟ್ಟಿಕೊಂಡಿದೆ.

ಸಾರಥಿ

ಒಂದು ಮಾತು ಅಣ್ಣ. ಮ್ಯಾನುಯಲ್ ಎಸಿ ಇರುವವರು ಟೆಂಪರೇಚರ್ ತಿರುಗಣೆಯನ್ನು ನಡುವಿನಲ್ಲಿ ಇಡುತ್ತಾರೆ. ಎಂಜಿನ್‌ಗೆ ಹೊರೆ ಕಡಿಮೆ ಅಂದುಕೊಂಡು.

ಜೆ.ಸಿ. ರಸ್ತೆ ಮೆಕ್ಯಾನಿಕ್

ಒಳ್ಳೆಯದನ್ನು ನೆನಪಿಸಿದಿರಿ. ಬಹಳಷ್ಟು ಮ್ಯಾನುಯಲ್ ಎಸಿಗಳಲ್ಲಿ ಹಾಗೆ ಮಾಡಿದರೆ ತಣ್ಣಗಾದ ಗಾಳಿಗೆ ಹೀಟರಿನ ಬಿಸಿ ಬೆರೆಯುತ್ತದೆ. ಕಂಪ್ರೆಸರ್ ಮಾತ್ರ ಅಷ್ಟೇ ಕೆಲಸ ಮಾಡುತ್ತಿರುತ್ತದೆ. ಬೇಸಿಗೆಯಲ್ಲಿ ಅದನ್ನು ನೀಲಿ ಕಡೆಗೆ ಪೂರ್ತಿ ತಿರುಗಿಸಿ. ಚಳಿಯಾದರೆ ಬ್ಲೋವರ್ ಕಡಿಮೆ ಮಾಡಿ.

ವೈಟ್‌ಫೀಲ್ಡ್ ಇವಿ

ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಅನುಕೂಲ. ಕಂಪ್ರೆಸರ್ ಬ್ಯಾಟರಿಯಿಂದ ಓಡುವುದರಿಂದ ಮಾರತ್‌ಹಳ್ಳಿಯಲ್ಲಿ ಅರ್ಧ ಗಂಟೆ ನಿಂತರೂ ತಂಪು ಕಡಿಮೆಯಾಗುವುದಿಲ್ಲ. ಚಾರ್ಜರ್‌ಗೆ ಹಾಕಿದ್ದಾಗಲೇ ಆ್ಯಪ್‌ನಿಂದ ಎಸಿ ಶುರು ಮಾಡಿ. ಬಿಸಿ ಇಳಿಸಲು ಬೇಕಾದ ಕರೆಂಟ್ ಗೋಡೆಯಿಂದ ಬರುತ್ತದೆ, ಬ್ಯಾಟರಿ ಉಳಿಯುತ್ತದೆ. ಆದರೆ ಎಸಿ ರಿಪೇರಿಗೆ ಎಲ್ಲೆಂದರಲ್ಲಿ ಕೊಡಬೇಡಿ. ಇದರ ಕಂಪ್ರೆಸರ್ ಎಣ್ಣೆ ಬೇರೆ. ಸಾಮಾನ್ಯ ಕಾರಿನ ಎಣ್ಣೆ ಸೇರಿದರೆ ಕರೆಂಟ್ ಸೋರಿಕೆಯ ಅಪಾಯ ಇದೆ.

ನೆರಳು ಹುಡುಕುವವಳು

ಕಾರು ಕೊಳ್ಳುವ ಯೋಚನೆಯಲ್ಲಿ ಇರುವವರಿಗೆ: ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು ಕಪ್ಪು, ಬೆಳ್ಳಿ ಬಣ್ಣದ ಎರಡು ಒಂದೇ ಮಾದರಿಯ ಕಾರುಗಳನ್ನು ಬಿಸಿಲಲ್ಲಿ ನಿಲ್ಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳ್ಳಿ ಬಣ್ಣದ್ದರ ಒಳಗಿನ ಗಾಳಿ 5ರಿಂದ 6 ಡಿಗ್ರಿ ಕಡಿಮೆ ಇತ್ತು.

ಕೆಂಗೇರಿ ಕಡೆಯವಳು

ಸಿಹಿ ಸುದ್ದಿ! ಬೇರೆ ಎಸಿ ಅಂಗಡಿಗೆ ಹೋಗಿದ್ದೆ. ಫ್ಯೂಸ್, ರಿಲೇ ಎರಡೂ ಸರಿ ಇದ್ದವು. ಕಂಡೆನ್ಸರ್ ಫ್ಯಾನಿನ ಮೋಟರ್ ಸುಟ್ಟಿತ್ತು. ಹೊಸದು ಹಾಕಿದರು. ಗ್ಯಾಸ್ ಮೆಷಿನ್‌ಗೆ ಎಳೆದು ತೂಕ ನೋಡಿದರೆ ಸ್ಟಿಕರ್‌ನಲ್ಲಿ ಬರೆದಿದ್ದಕ್ಕಿಂತ ಜಾಸ್ತಿ ಇತ್ತು. ಕಡಿಮೆಯಾಗಿದೆ ಅಂತ ಹಾಕುತ್ತಾ ಬಂದ ಗ್ಯಾಸ್! ಸರಿಯಾದ ತೂಕಕ್ಕೆ ತುಂಬಿಸಿ ಕೊಟ್ಟರು. ಕಂಡೆನ್ಸರ್ ತೊಳೆದಾಗ ಕೆಂಪು ಮಣ್ಣು ನೀರಿನಂತೆ ಹರಿಯಿತು.

ನಿನ್ನೆ ಅಪ್ಪನನ್ನು ಕರೆದುಕೊಂಡು ಹೋದೆ. ನಾಯಂಡಹಳ್ಳಿಯಲ್ಲಿ ಒಳ್ಳೆ ಜಾಮ್. ಎಸಿ ತಂಪಾಗಿಯೇ ಇತ್ತು. ಅಪ್ಪ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದರು. ಎಲ್ಲರಿಗೂ ಮನಸಾರೆ ಧನ್ಯವಾದ.

ಜೆ.ಸಿ. ರಸ್ತೆ ಮೆಕ್ಯಾನಿಕ್

ಬಹಳ ಸಂತೋಷ ಮೇಡಂ. ಬಿಲ್ಲಿನಲ್ಲಿ ಎಷ್ಟು ಗ್ರಾಂ ತುಂಬಿದರು ಅಂತ ಬರೆಸಿ ಇಟ್ಟುಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಯಾರಾದರೂ "ಗ್ಯಾಸ್ ಇಲ್ಲ" ಅಂದರೆ ತೂಕ ಹಾಕಿ ತೋರಿಸಿ ಅನ್ನಿ.

ನಾಗರಬಾವಿ

ತಡವಾಗಿ ಕೇಳುತ್ತಿದ್ದೇನೆ. ಮೇ ಮೊದಲ ವಾರ ಮದುವೆಗೆ ಕಲಬುರಗಿಗೆ ಕಾರಿನಲ್ಲೇ ಹೋಗುತ್ತಿದ್ದೇವೆ, ಐದು ಜನ. ಅಲ್ಲಿ 40 ಡಿಗ್ರಿ ದಾಟಿರುತ್ತದೆ. ಎಸಿ ಹಾಕಿಕೊಂಡು ಇಡೀ ದಿನ ಓಡಿಸಿದರೆ ಎಂಜಿನ್ ಬಿಸಿಯಾಗುತ್ತದೆಯೇ?

ಜೆ.ಸಿ. ರಸ್ತೆ ಮೆಕ್ಯಾನಿಕ್

ಕೂಲೆಂಟ್, ಫ್ಯಾನ್ ಸರಿ ಇದ್ದರೆ ಏನೂ ಆಗುವುದಿಲ್ಲ ಸರ್. ಕೂಲೆಂಟ್ ಮಟ್ಟವನ್ನು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡಿ. ಕಡಿಮೆ ಇದ್ದರೆ ಬೋರ್‌ವೆಲ್ ನೀರು ಹಾಕಬೇಡಿ, ನಮ್ಮ ಗಡಸು ನೀರಿಗೆ ಒಳಗೆ ಬಿಳಿ ಪದರ ಕಟ್ಟುತ್ತದೆ. ರೆಡಿಮೇಡ್ ಕೂಲೆಂಟ್ ಹಾಕಿ, ಅದೇ ಬಣ್ಣ ಅಂತ ಅಲ್ಲ, ಮ್ಯಾನುಯಲ್‌ನಲ್ಲಿ ಹೇಳಿದ ಬಗೆಯದು. ಟೈರ್ ಗಾಳಿಯನ್ನೂ ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ ನೋಡಿ. ಐದು ಜನ, ಲಗೇಜ್ ಅಂದರೆ ಬಾಗಿಲ ಸ್ಟಿಕರ್‌ನಲ್ಲಿ ಫುಲ್ ಲೋಡ್‌ಗೆ ಬರೆದ ಲೆಕ್ಕ ನೋಡಬೇಕು. ದಾರಿಯಲ್ಲಿ ಟೈರ್ ಬಿಸಿಯಾಗಿ ಒತ್ತಡ ಏರಿದೆ ಅಂತ ಗಾಳಿ ಬಿಡಬೇಡಿ.

ದಾರಿಯಲ್ಲಿ ಟೆಂಪರೇಚರ್ ಮುಳ್ಳು ಏರಿತು ಅಂದರೆ ತಕ್ಷಣ ಎಸಿ ಆಫ್, ಗಾಜು ಇಳಿಸಿ, ಹೀಟರ್ ಫುಲ್ ಬಿಸಿಗೆ, ಬ್ಲೋವರ್ ಜೋರು. ಎಂಜಿನ್ ಬಿಸಿ ಸ್ವಲ್ಪ ಆ ಕಡೆಯಿಂದ ಹೋಗುತ್ತದೆ. ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ. ಮುಳ್ಳು ಕೆಂಪು ಮುಟ್ಟಿದ್ದರೆ ಎಂಜಿನ್ ಆಫ್ ಮಾಡಿ. ಏನೇ ಆದರೂ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ನಾಗರಬಾವಿ

ಥ್ಯಾಂಕ್ಸ್ ಅಣ್ಣ. ಕೂಲೆಂಟ್ ಬಾಟಲಿಯಲ್ಲಿ ಎರಡು ಗೆರೆ ಇವೆ, ನಮ್ಮದು ಕೆಳಗಿನ ಗೆರೆಗಿಂತ ಸ್ವಲ್ಪ ಮೇಲಿದೆ. ಸಾಕಾ?

ಜೆ.ಸಿ. ರಸ್ತೆ ಮೆಕ್ಯಾನಿಕ್

ಎರಡು ಗೆರೆಯ ಮಧ್ಯೆ ಇದ್ದರೆ ಸಾಕು. ಅಷ್ಟು ದೂರಕ್ಕೆ ಮೇಲಿನ ಗೆರೆಯ ಹತ್ತಿರಕ್ಕೆ ತುಂಬಿಸಿಕೊಳ್ಳಿ, ಗೆರೆ ದಾಟಿಸಬೇಡಿ. ಒಂದು ಲೀಟರ್ ಡಿಕ್ಕಿಯಲ್ಲಿ ಇರಲಿ. ಹೋಗುವ ಹಿಂದಿನ ದಿನ ಮತ್ತೊಮ್ಮೆ ಮಟ್ಟ ನೋಡಿ. ಈಗಿನದಕ್ಕಿಂತ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಅದನ್ನು ಸರಿ ಮಾಡಿಸಿಕೊಂಡೇ ಹೊರಡಿ.